ಕೊನೆಯ ಸಾಲಿನ ಢೋಲು

ನನ್ನ ಸೊಸೆ ಢೋಲು ಬಾರಿಸುತ್ತಾಳೆ. ಈ ಮಾತು ಹೇಳುವಾಗ ಈ ವಯಸ್ಸಿನಲ್ಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಗಣಪತಿ ಬಿಡುವ ದಿನ ಪುಣೆಯ ರಸ್ತೆಗಳಲ್ಲಿ ಬಿಳಿ ಕುರ್ತಾ ತೊಟ್ಟು, ತಲೆಗೆ ಕೇಸರಿ ಫೇಟಾ ಸುತ್ತಿ, ಸೊಂಟಕ್ಕೆ ಢೋಲು ಕಟ್ಟಿಕೊಂಡು ಸಾಲುಸಾಲಾಗಿ ಹೊರಡುವ ಪಥಕಗಳನ್ನು, ಅಂದರೆ ಢೋಲಿನ ತಂಡಗಳನ್ನು, ನೋಡದವರು ಇಲ್ಲಿ ಯಾರೂ ಇಲ್ಲ. ಅಂಥದೊಂದು ಪಥಕದಲ್ಲಿ, ಕಲಬುರಗಿ ಕಡೆಯಿಂದ ಹೊಟ್ಟೆಪಾಡಿಗೆ ಬಂದ ನಮ್ಮ ಮನೆಯ ಹೆಣ್ಣುಮಗಳು ನಡೆದಳು. ನೀರಿನ ಬಾಟಲಿ ಹಿಡಿದುಕೊಂಡು ಅವಳ ಹಿಂದೆ ನಾನು ನಡೆದೆ.

ಅವಳನ್ನು ಆ ಸಾಲಿನಿಂದ ಹೊರಗೆ ಹಾಕುವ ಹಂತಕ್ಕೆ ತಂದವನೂ ನಾನೇ. ಅದನ್ನು ಮುಚ್ಚಿಟ್ಟು ಬರೀ ಹೆಮ್ಮೆ ಬರೆದರೆ ಅದು ಅರ್ಧ ಸುಳ್ಳಾಗುತ್ತದೆ.

ನಾನು ಓದಿದ್ದು ಮ್ಯಾಟ್ರಿಕ್‌ವರೆಗೆ. ವಿಜ್ಞಾನದಲ್ಲಿ ಚಲೋ ಮಾರ್ಕ್ಸ್ ಬಂದಿದ್ದವು. ಮುಂದೆ ಓದಿಸುವವರಿರಲಿಲ್ಲ, ಹಾಗಾಗಿ ಪುಣೆಯ ಪಕ್ಕದ ಭೋಸರಿಗೆ ಬಂದು ಒಂದು ಪ್ರೆಸ್ ಶಾಪ್ ಸೇರಿದೆ. ತಗಡು ಒತ್ತುವ ಮಷಿನಿನ ಮುಂದೆ ನಿಂತು ನಿವೃತ್ತನಾದೆ. ಊರಲ್ಲಿದ್ದಾಗ ಸೋಮವಾರದ ಭಜನೆಯಲ್ಲಿ ತಾಳ ಹಾಕುತ್ತಿದ್ದೆ. ಇಲ್ಲಿಗೆ ಬಂದ ಮೇಲೂ ನಮ್ಮ ಕಾಲನಿಯ ಕನ್ನಡದವರು ಸೇರಿ ಮಾಡುವ ಭಜನೆಯಲ್ಲಿ ತಾಳ ನನ್ನದೇ. ನನ್ನ ತಾಳ ತಪ್ಪಿದ್ದನ್ನು ಯಾರೂ ಕೇಳಿಲ್ಲ ಎಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಈ ಎರಡು ಸಂಗತಿಗಳು, ಮ್ಯಾಟ್ರಿಕ್ಕು ಮತ್ತು ತಾಳ, ನನ್ನ ತಲೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜಾಗ ಹಿಡಿದಿದ್ದವು.

ಸೊಸೆಯ ತವರು ಯಾದಗಿರಿ ಕಡೆ. ಭೋಸರಿಯಲ್ಲೇ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಮನೆ, ಕಾರ್ಖಾನೆ, ಮತ್ತೆ ಮನೆ. ಒಂದು ಸಂಜೆ ಕೆಲಸದಿಂದ ಬಂದವಳು ಚಪ್ಪಲಿ ಕಳಚುತ್ತಲೇ ಕೇಳಿದಳು.

"ಮಾಮಾ, ನಮ್ಮ ಕಂಪನಿ ಬಾಜೂ ಮೈದಾನದಾಗ ಢೋಲಿನ ಪಥಕದವರು ಪ್ರ್ಯಾಕ್ಟೀಸ್ ಚಾಲೂ ಮಾಡ್ಯಾರ್ರಿ. ಹೆಣ್ಮಕ್ಕಳನ್ನೂ ತಗೋತಾರಂತ. ನಾ ಹೋಗ್ಲೇನ್ರಿ?"

ನನ್ನ ಹೆಂಡತಿ ಒಳಗಿನಿಂದಲೇ ಕೂಗಿದಳು: "ರೊಟ್ಟಿ ಬಡಿದು ಬಡಿದು ಸಾಕಾಗಿಲ್ಲೇನು ನಿನಗ? ಇನ್ನ ಢೋಲೂ ಬಡೀತೀ?"

"ರೊಟ್ಟಿ ಬಡದೇ ಕೈ ತಯಾರಾಗ್ಯಾವ್ರಿ ಅತ್ತಿ, ಅದಕ್ಕ ಕೇಳ್ಲಾಕತ್ತೀನಿ."

ಹೆಂಡತಿ ನಕ್ಕುಬಿಟ್ಟಳು. ಮಗ ಸೆಕೆಂಡ್ ಶಿಫ್ಟಿನಲ್ಲಿದ್ದ. ಫೋನು ಮಾಡಿ ಕೇಳಿದರೆ "ಅಪ್ಪಾ ಹೂಂ ಅಂದ್ರ ನಂದೇನಿಲ್ಲ" ಎಂದ. ನಾನು ಹೂಂ ಎಂದೆ. ಭಜನೆಯ ಗೆಳೆಯರಲ್ಲಿ ಒಬ್ಬ "ಸೊಸಿನ್ನ ಬೀದಿಗಿ ಬಾರಸ್ಲಾಕ ಕಳಸ್ತಿಯೇನೋ" ಎಂದು ಕೇಳಿದಾಗ, "ಹೌದು, ನಿನ್ನ ಸೊಸಿಗಿ ಬಂದ್ರ ನೀನೂ ಕಳಸು" ಎಂದು ಉತ್ತರ ಕೊಟ್ಟೆ. ಆ ಉತ್ತರದ ಬಗ್ಗೆ ಇವತ್ತಿಗೂ ನನಗೆ ಖುಷಿಯಿದೆ.

ಹಬ್ಬಕ್ಕೆ ಎರಡು ತಿಂಗಳಿತ್ತು. ಸಂಜೆ ಏಳರ ಹೊತ್ತಿಗೆ ನಾನೂ ಅವಳ ಜೊತೆ ಮೈದಾನಕ್ಕೆ ಹೋಗುತ್ತಿದ್ದೆ. ಎಲ್ಲಕ್ಕೂ ಮುಂದೆ ತಾಶೆಯವರು. ತಾಶೆ ಎಂದರೆ ಕುತ್ತಿಗೆಗೆ ತೂಗುಹಾಕಿಕೊಂಡು ಎರಡು ತೆಳ್ಳನೆಯ ಕಡ್ಡಿಗಳಿಂದ ಬಾರಿಸುವ ಸಣ್ಣ ವಾದ್ಯ. ಪಟಪಟ ಎಂದು ಮೊನಚಾದ ಸದ್ದು. ಲಯ ಹಿಡಿಯುವುದು ಅದೇ. ಅದರ ಹಿಂದೆ ಢೋಲಿನವರ ಸಾಲುಗಳು, ಮೈದಾನದ ಉದ್ದಕ್ಕೂ. ಢೋಲಿನ ಒಂದು ಮಗ್ಗುಲಿಗೆ ಕೋಲಿನ ಪೆಟ್ಟು, ಇನ್ನೊಂದು ಮಗ್ಗುಲಿಗೆ ಅಂಗೈ ಪೆಟ್ಟು. ಹೊಸಬರೆಲ್ಲ ಹಿಂದೆ. ಹಾಗಾಗಿ ನಮ್ಮವಳು ಕೊನೆಯ ಸಾಲಿನಲ್ಲಿ, ಅವಳ ಬೆನ್ನ ಹಿಂದೆ ನೀರಿನ ಕ್ಯಾನುಗಳ ಪಕ್ಕ ನಾನು.

ಮೊದಲ ವಾರ ಅವಳ ಕೈ ಲಯಕ್ಕೆ ಕೂಡುತ್ತಿರಲಿಲ್ಲ. ಎಲ್ಲ ಕಡೆ ಕಣ್ಣು ತಿರುಗಿಸುತ್ತಿದ್ದಳು. ಪಕ್ಕದವಳ ಕೈ, ಮುಂದಿನವಳ ಕೋಲು, ರಸ್ತೆಯಲ್ಲಿ ನಿಂತು ನೋಡುವವರು. ಮನೆಗೆ ಬರುವಾಗ ನಾನು ಗುರುವಿನ ಧಾಟಿಯಲ್ಲಿ ಹೇಳಿದೆ:

"ಅವ್ವಾ, ಕಣ್ಣು ಮುಚ್ಚು. ಭಜನ್ಯಾಗ ನಾವು ಹಂಗೇ ಮಾಡೋದು. ಕಣ್ಣು ಮುಚ್ಚಿ ಕಿವಿ ತಾಶೆಗಿ ಕೊಡು. ಅದು ಕೇಳಿದಾಗ ಕೈ ಹಾಕು. ಕಣ್ಣು ಮೋಸ ಮಾಡ್ತದ, ಕಿವಿ ಮಾಡಲ್ಲ."

ಅವಳು ಹಾಗೇ ಮಾಡಿದಳು. ಎರಡೇ ದಿನದಲ್ಲಿ ಅವಳ ಪೆಟ್ಟು ತಾಶೆಯ ಸದ್ದಿಗೆ ಅಂಟಿಕೊಂಡಿತು. ಹಿಂದೆ ನಿಂತ ನನಗೆ ತಾಶೆ, ಅವಳ ಢೋಲು ಎರಡೂ ಒಂದೇ ಪೆಟ್ಟಾಗಿ ಬಂದು ಎದೆಗೆ ಬಡಿಯುತ್ತಿದ್ದವು. ಉಳಿದ ಢೋಲುಗಳು ಕೊಂಚ ಮುಂಚೆ ಬಿದ್ದಂತೆ ಕೇಳಿಸಿದ್ದನ್ನು ಅವರ ಅವಸರ ಎಂದುಕೊಂಡೆ. ಕಾರ್ಖಾನೆಯ ಶೆಡ್ಡಿನ ತಗಡು ಆ ಸದ್ದಿಗೆ ಝುಂ ಎನ್ನುತ್ತಿತ್ತು. ಮಳೆ ನೀರು ನಿಂತ ಗುಂಡಿಯಲ್ಲಿ ಪ್ರತಿ ಪೆಟ್ಟಿಗೂ ಸಣ್ಣ ಬಳೆಗಳಂತೆ ಅಲೆಗಳೇಳುತ್ತಿದ್ದವು. ಅದರಲ್ಲೊಂದು ಬೇವಿನ ಎಲೆ ತೇಲುತ್ತಿತ್ತು. ಅಲೆ ಅದರಡಿ ಹಾಯ್ದು ಹೋದರೂ ಎಲೆ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತಿತ್ತು. ಅಲೆ ಹೋಗುತ್ತದೆ, ನೀರು ಹೋಗುವುದಿಲ್ಲ ಎಂದು ಶಾಲೆಯಲ್ಲಿ ಕಲಿತಿದ್ದು ನೆನಪಾಗಿ, ಪಕ್ಕದಲ್ಲಿ ನಿಂತವರಿಗೆಲ್ಲ ಅದನ್ನು ವಿವರಿಸಿದೆ. ಎಷ್ಟು ನೆನಪಿತ್ತು ನೋಡಿ! ನೆನಪಾಗಬೇಕಾದ್ದು ಮಾತ್ರ ಆಗಲಿಲ್ಲ.

ಪಥಕದ ಮುಖ್ಯಸ್ಥ ಒಬ್ಬ ಮರಾಠಿ ಮನುಷ್ಯ, ನಲವತ್ತರ ಆಸುಪಾಸು. ಎಲ್ಲರೂ ಅವನನ್ನು ದಾದಾ ಎನ್ನುತ್ತಿದ್ದರು. ತಾಶೆಯವರ ಎದುರು ಢೋಲುಗಳಿಗೆ ಮುಖಮಾಡಿ ನಿಂತು, ಕೈಯೆತ್ತಿ ಇಳಿಸಿ ಲಯ ತೋರಿಸುತ್ತಿದ್ದ. ಒಂದು ಸಂಜೆ ಬಾರಿಸುವುದನ್ನು ನಿಲ್ಲಿಸಿ, ಹಿಂದಿನವರೆಗೆ ನಡೆದು ಬಂದು ನಮ್ಮವಳ ಮುಂದೆ ನಿಂತ.

"ಪೂರಾ ಪಥಕದಲ್ಲಿ ಒಂದು ಢೋಲು ಹಿಂದೆ ಬೀಳುತ್ತಿದೆ. ಅದು ನಿನ್ನದು," ಎಂದು ಮರಾಠಿಯಲ್ಲಿ ಹೇಳಿದ.

ಅವಳು ತಲೆ ತಗ್ಗಿಸಿದಳು. ನಾನು ಸುಮ್ಮನಿರಬೇಕಿತ್ತು. ಕ್ಯಾನು ಕೆಳಗಿಟ್ಟು ಮುಂದೆ ಬಂದೆ. ನನ್ನ ಮರಾಠಿ ಪ್ರೆಸ್ ಶಾಪಿನ ಮರಾಠಿ, ಜಗಳಕ್ಕೆ ಚೆನ್ನಾಗಿ ಬರುತ್ತದೆ.

"ದಾದಾ, ನಾನು ಇಲ್ಲೇ ಇವಳ ಹಿಂದೆ ನಿಂತಿದ್ದೇನೆ. ತಾಶೆಗೂ ಇವಳ ಪೆಟ್ಟಿಗೂ ಕೂದಲೆಳೆಯಷ್ಟೂ ಅಂತರವಿಲ್ಲ. ತಾಳ ಹಾಕುವವನು ನಾನು, ನನಗೆ ಹೇಳಬೇಡಿ."

"ಕಾಕಾ, ನೀವು ಅಲ್ಲಿ ನಿಂತಿದ್ದೀರಿ. ಒಮ್ಮೆ ನನ್ನ ಜಾಗಕ್ಕೆ ಬಂದು ನಿಂತು ಕೇಳಿ."

"ಎಲ್ಲಿ ನಿಂತರೂ ತಾಳ ತಾಳವೇ. ನಾವು ಕನ್ನಡದವರು ಅಂತ ನಮ್ಮ ಹುಡುಗಿಯದೇ ತಪ್ಪು ಕೇಳಿಸುತ್ತದೇನು ನಿಮಗೆ?"

ಆ ಮಾತು ಸುಳ್ಳು ಎಂದು ಬಾಯಿಂದ ಹೊರಬೀಳುವಾಗಲೇ ನನಗೆ ಗೊತ್ತಿತ್ತು. ಮೊದಲ ದಿನ ಅವಳ ಸೊಂಟಕ್ಕೆ ಢೋಲಿನ ಪಟ್ಟಿ ಬಿಗಿದು, ಅಂಗೈ ಬಿರಿದಾಗ ಟೇಪು ಸುತ್ತಿದವನು ಅದೇ ಮನುಷ್ಯ. ಅವನ ಮುಖ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ.

"ಬರುವ ಭಾನುವಾರ ಕೊನೆಯ ಸಲ ನೋಡುತ್ತೇನೆ. ಸರಿಹೋಗದಿದ್ದರೆ ಮೆರವಣಿಗೆಯಲ್ಲಿ ಇವಳಿಗೆ ಢೋಲಿಲ್ಲ. ನೀರಿನ ಗಾಡಿಯ ಜೊತೆ ಬರಲಿ," ಎಂದು ಹೇಳಿ ಮುಂದೆ ಹೋದ.

ದಾರಿಯಲ್ಲಿ ಸೊಸೆ ನನಗಿಂತ ಮುಂದೆ ಮುಂದೆ ನಡೆದಳು. ಮನೆಯ ಮೆಟ್ಟಿಲ ಹತ್ತಿರ ನಿಂತು ಹೇಳಿದಳು: "ಮಾಮಾ, ಅವ್ರು ಕರದಾಗ ಹೋಗಿ ಒಮ್ಮಿ ಕೇಳಿ ಬರಬಾರದಿತ್ತೇನ್ರಿ? ನಿಮ್ಮ ಕಾಲೇನು ಸವೀತಿದ್ವಾ?"

"ಕೇಳೋದೇನದ ಅದರಾಗ? ನನ್ನ ಕಿವಿ ಮ್ಯಾಲ ನಿನಗ ನಂಬಿಕಿ ಇಲ್ಲಾ?"

"ನಂಬಿಕಿ ಅದ ಅಂತೇ ಕಣ್ಣ ಮುಚ್ಚೀನಲ್ರಿ," ಎಂದು ಒಳಗೆ ಹೋದಳು.

ಎಲ್ಲ ಕೇಳಿಸಿಕೊಂಡ ನನ್ನ ಹೆಂಡತಿ ತಾಟು ಇಡುತ್ತ ಅಂದಳು: "ಮ್ಯಾಟ್ರಿಕ್ ಪಾಸಾದವರ ಕಿವಿ ಬ್ಯಾರೆ ಇರ್ತಾವೇನ್ರಿ? ಜಗಳಾ ಮಾಡಿದ್ದು ನೀವು, ಢೋಲು ಹೋಗೋದು ಅಕೀದು."

ಮರುದಿನ ಮೈದಾನದಲ್ಲಿ ನೋಡಿದರೆ ಅವಳು ಕಣ್ಣನ್ನು ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿ, ನನ್ನ ಮಾತನ್ನೇ ಹಿಡಿದು ಬಾರಿಸುತ್ತಿದ್ದಳು. ನನ್ನ ಮೇಲೆ ಸಿಟ್ಟಿದ್ದರೂ ನನ್ನ ಪಾಠ ಬಿಟ್ಟಿರಲಿಲ್ಲ. ಅದನ್ನು ನೋಡುತ್ತ ನಿಲ್ಲಲು ನನ್ನಿಂದಾಗಲಿಲ್ಲ. ಚಹಾ ಕುಡಿದು ಬರುತ್ತೇನೆಂದು ಹೊರಟೆ.

ಚಹಾದ ಗಾಡಿ ಇದ್ದದ್ದು ತಗಡಿನ ದೊಡ್ಡ ಶೆಡ್ಡಿನ ಆ ಕಡೆಗೆ. ಶೆಡ್ಡಿನ ಮೂಲೆ ತಿರುಗುತ್ತಿದ್ದಂತೆ ತಾಶೆಯ ಸದ್ದು ಹೆಚ್ಚುಕಡಿಮೆ ಸತ್ತೇಹೋಯಿತು. ಢೋಲಿನ ದಪ್ಪ ಸದ್ದು ಮಾತ್ರ ಶೆಡ್ಡನ್ನು ಬಳಸಿಕೊಂಡು ನನ್ನ ಹಿಂದೆಯೇ ಬಂತು. ದಪ್ಪ ಸದ್ದಿನ ಉದ್ದನೆಯ ಅಲೆ ಮೂಲೆ ಸುತ್ತಿ ಬರುತ್ತದೆ, ಮೊನಚು ಸದ್ದಿನ ಗಿಡ್ಡ ಅಲೆ ಅಷ್ಟಾಗಿ ಬಾಗದೆ ಗೋಡೆಗೆ ತಡೆದು ನಿಲ್ಲುತ್ತದೆ. ಪುಸ್ತಕದ ಮಾತು ಹೀಗೆ ಕಾಲಡಿಯೇ ಸಿಕ್ಕಾಗ ಖುಷಿಯಾಗಬೇಕಿತ್ತು. ಅವತ್ತು ಅನಿಸಿದ್ದು ಬೇರೆ: ಕೆಲವೇ ಹೆಜ್ಜೆ ಸರಿದರೆ ಕೇಳುವುದು ಇಷ್ಟು ಬೇರೆಯಾಗುವುದಾದರೆ, ಎಲ್ಲಿ ನಿಂತರೂ ತಾಳ ತಾಳವೇ ಎಂದು ನಾನು ಹೇಳಿದ್ದು ಹೇಗೆ?

ಚಹಾ ಅರ್ಧಕ್ಕೆ ಬಿಟ್ಟು ಶೆಡ್ಡನ್ನು ಪೂರ್ತಿ ಸುತ್ತಿದೆ. ಆ ದಾರಿ ಮೈದಾನದ ಮುಂಭಾಗಕ್ಕೆ, ತಾಶೆಯವರ ಹತ್ತಿರಕ್ಕೇ ತರುತ್ತದೆ. ಗೇಟಿನ ಕಂಬದ ಮರೆಯಲ್ಲಿ ನಿಂತೆ, ದಾದಾನ ಕಣ್ಣಿಗೆ ಬೀಳದಂತೆ.

ಕೇಳಿಸಿತು. ತಾಶೆ, ಮುಂದಿನ ಢೋಲುಗಳು, ನಡುವಿನವು, ಹಿಂದಿನವು, ಆಮೇಲೆ ಬಾಗಿಲು ಹಾಕಿದ ಮೇಲೆ ಬಂದ ನೆಂಟನ ಹಾಗೆ ಒಂದು ಒಂಟಿ ಪೆಟ್ಟು. ಯಾರದೋ ಇರಬೇಕೆಂದು ಸಾಲುಸಾಲಾಗಿ ಕಣ್ಣು ಹಾಯಿಸಿದೆ. ಕೊನೆಯ ಸಾಲಿನಲ್ಲಿ ನಮ್ಮವಳ ಅಂಗೈ ಕಂಡಿತು. ತಾಶೆಯ ಕಡ್ಡಿ ಬಿದ್ದ ಮೇಲೆ ಕೊಂಚ ತಡೆದು ಆ ಅಂಗೈ ಢೋಲಿನ ಮೇಲೆ ಬಿತ್ತು. ಅದು ಬಿದ್ದ ಮೇಲೆ ಇನ್ನೂ ಕೊಂಚ ತಡೆದು ಅದರ ಸದ್ದು ನನ್ನ ಹತ್ತಿರ ಬಂತು.

ಆಗ ನನ್ನ ಶಾಲೆಯ ಬಯಲು ಕಣ್ಣಮುಂದೆ ಬಂತು. ನಮ್ಮ ಶಾಲೆಯ ಗಂಟೆ ಎಂದರೆ ರೈಲು ಹಳಿಯ ಒಂದು ತುಂಡು. ವಿಜ್ಞಾನದ ಮಾಸ್ತರರು ಅದನ್ನು ಬಯಲಿನ ಆ ತುದಿಯ ಮರಕ್ಕೆ ಕಟ್ಟಿಸಿ, ಜವಾನನ ಕೈಗೆ ಸುತ್ತಿಗೆ ಕೊಟ್ಟು, ನಮ್ಮನ್ನು ಈ ತುದಿಯಲ್ಲಿ ನಿಲ್ಲಿಸಿದ್ದರು. ಸುತ್ತಿಗೆ ಬಿದ್ದದ್ದು ಮೊದಲು ಕಂಡಿತು, ಠಣ್ ಎನ್ನುವುದು ಆಮೇಲೆ ಬಂತು. "ಬೆಳಕು ಓಡ್ತದ, ಸದ್ದು ನಡಕೊಂತ ಬರ್ತದ. ನೆನಪಿಡ್ರಿ" ಎಂದಿದ್ದರು. ಸದ್ದು ಗಾಳಿಯಲ್ಲಿ ಒಂದು ಸೆಕೆಂಡಿಗೆ ಮುನ್ನೂರ ನಲವತ್ತು ಮೀಟರಿನಷ್ಟು ಹೋಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಮಾರ್ಕ್ಸ್ ತೆಗೆದುಕೊಂಡವನು ನಾನು.

ಕಂಬಕ್ಕೆ ಒರಗಿಕೊಂಡು ಲೆಕ್ಕ ಹಾಕಿದೆ. ತಾಶೆಯ ಸದ್ದು ಮೈದಾನ ದಾಟಿ ಅವಳ ಕಿವಿಗೆ ಮುಟ್ಟಲು ಒಂದಿಷ್ಟು ಹೊತ್ತು. ಅವಳು ಅದನ್ನು ಕೇಳಿ ಪೆಟ್ಟು ಹಾಕುತ್ತಾಳೆ. ಆ ಪೆಟ್ಟಿನ ಸದ್ದು ಮುಂದಕ್ಕೆ ಬರಲು ಮತ್ತೆ ಅಷ್ಟೇ ಹೊತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತೇ ಇರಬಹುದು, ಆದರೆ ಢೋಲಿನ ಓಟದ ಲಯದಲ್ಲಿ ಅಷ್ಟು ಸಾಕು. ಹಿಂದೆ ನಿಂತ ನನಗೆ ಯಾಕೆ ತಾಶೆ, ಅವಳ ಪೆಟ್ಟು ಎರಡೂ ಕೂಡಿಯೇ ಕೇಳಿಸಿದವು? ತಾಶೆಯ ಸದ್ದು ಅವಳನ್ನು ಮುಟ್ಟಿದ ಕ್ಷಣಕ್ಕೇ ಅವಳ ಪೆಟ್ಟು ಹುಟ್ಟುತ್ತದೆ. ಎರಡೂ ಜೊತೆಯಾಗಿ ಹೊರಟು ಜೊತೆಯಾಗಿ ನನ್ನನ್ನು ಮುಟ್ಟುತ್ತವೆ. ಭಜನೆಯಲ್ಲಿ ನಾವು ಮೊಣಕಾಲಿಗೆ ಮೊಣಕಾಲು ತಾಗಿಸಿ ದುಂಡಗೆ ಕೂಡುತ್ತೇವೆ. ಅಲ್ಲಿ ಸದ್ದಿಗೆ ನಡೆಯಲು ದಾರಿಯೇ ಇಲ್ಲ, ಆದ್ದರಿಂದ ಕಣ್ಣು ಮುಚ್ಚಿದರೆ ನಡೆಯುತ್ತದೆ. ಆ ದುಂಡಗಿನ ಪಾಠವನ್ನು ತಂದು ನಾನು ಮೈದಾನದುದ್ದದ ಸಾಲಿಗೆ ಹಾಕಿದ್ದೆ.

ಮುಂದೆ ನಿಂತವನಿಗೆ ಕೇಳುವ ತಡದಲ್ಲಿ ಒಂದು ಪಾಲು ಗಾಳಿಯದು, ಅದನ್ನು ಯಾರೂ ತಪ್ಪಿಸಲಾರರು. ಇನ್ನೊಂದು ಪಾಲು ನನ್ನದು.

ಬಿಡುವು ಕೊಟ್ಟಾಗ ಕಂಬದ ಮರೆಯಿಂದ ಹೊರಗೆ ಬಂದೆ. ಜಗಳ ಎಲ್ಲರೆದುರು ಮಾಡಿದ್ದೆ, ಆದ್ದರಿಂದ ಇದನ್ನೂ ಎಲ್ಲರೆದುರು ಹೇಳಬೇಕಿತ್ತು. ಜಗಳಕ್ಕೆ ಬರುತ್ತಿದ್ದ ಮರಾಠಿ ತಪ್ಪೊಪ್ಪಿಕೊಳ್ಳುವಾಗ ಬಾಯಿಗೇ ಬರಲಿಲ್ಲ. ತೊದಲುತ್ತ ಹೇಳಿದೆ: "ದಾದಾ, ನೀವು ಕೇಳಿದ್ದು ಖರೆ. ಕಣ್ಣು ಮುಚ್ಚು ಅಂತ ಅವಳಿಗೆ ಕಲಿಸಿದವನು ನಾನು. ಕನ್ನಡದವರು ಅಂತ ಮಾಡುತ್ತೀರಿ ಅಂದದ್ದು ಸುಳ್ಳು. ಎಲ್ಲರ ಮುಂದೆ ಮಾಫಿ ಕೇಳುತ್ತೇನೆ."

ಅವನು ಹಣೆಯ ಬೆವರು ಒರೆಸಿಕೊಂಡ. "ಕಣ್ಣು ಮುಚ್ಚಿ? ಅಯ್ಯೋ ಕಾಕಾ! ಮತ್ತೆ ನಾನು ದಿನಾ ಇಲ್ಲಿ ನಿಂತು ಕೈಯಾಡಿಸುವುದು ಸೊಳ್ಳೆ ಓಡಿಸಲಿಕ್ಕಾ?"

ಮುಂದಿನ ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಅವಳನ್ನು ಉಳಿಸಿಕೊಳ್ಳಿ ಎಂದು ಕೇಳಿದ್ದಕ್ಕೆ ಮಾತ್ರ ಅವನು ನಗಲಿಲ್ಲ. "ನಿಮ್ಮ ಮಾಫಿ ತೆಗೆದುಕೊಂಡೆ. ಜಾಗ ಬಾರಿಸಿ ತೆಗೆದುಕೊಳ್ಳಬೇಕಾದವಳು ಅವಳು. ಭಾನುವಾರ ನೋಡೋಣ."

ಹಿಂದೆ ಹೋಗಿ ಸೊಸೆಗೆ ಹೇಳಿದೆ. "ಅವ್ವಾ, ನಾ ಕಲಿಸಿದ್ದು ತಪ್ಪದ. ಕಣ್ಣು ತೆರಿ. ದಾದಾನ ಕೈ ನೋಡು. ಕೈ ಇಳದಾಗ ಹೊಡಿ. ಕಿವಿ ಏನರ ಹೇಳ್ಲಿ, ಕೇಳಬ್ಯಾಡ."

"ಈಗ ಹೇಳ್ತೀರೇನ್ರಿ ಮಾಮಾ! ಕಣ್ಣ ಮುಚ್ಚಿ ಮುಚ್ಚಿ ನನಗ ನಿದ್ದೀನೇ ಬರ್ಲಾಕತ್ತಿತ್ತು," ಎಂದಳು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು.

ಹೇಳುವುದು ಸುಲಭ, ಮಾಡುವುದು ಕಷ್ಟ. ಕಣ್ಣು ಈಗ ಎನ್ನುತ್ತದೆ, ಕಿವಿ ಇನ್ನೂ ಇಲ್ಲ ಎನ್ನುತ್ತದೆ. ಕೈ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲ ದಿನ ಅವಳ ಪೆಟ್ಟು ಮುಂಚೆಯೂ ಇಲ್ಲ, ಹಿಂದೆಯೂ ಇಲ್ಲ, ಎಲ್ಲೆಲ್ಲೋ ಬಿತ್ತು. ಮರುದಿನ ಅವಳು ಯಾರನ್ನೂ ಕೇಳದೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಬಂದಳು. ಇದು ನನಗೆ ಹೊಳೆದಿರಲಿಲ್ಲ. ತಾಶೆಯನ್ನೇ ಕೇಳದಂತೆ ಮಾಡಿಕೊಂಡು, ಕೈಯೊಂದನ್ನೇ ನೋಡುತ್ತ, ಊರೆಲ್ಲ ಗದ್ದಲದಲ್ಲಿರುವಾಗ ತಾನೊಬ್ಬಳೇ ಮೌನದಲ್ಲಿ ನಿಂತು ಬಾರಿಸಿದಳು. ಮನೆಯಲ್ಲಿ ಅವಳ ಅತ್ತೆಯನ್ನೇ ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿ, ಲಟ್ಟಣಿಗೆ ಎತ್ತಿ ಇಳಿಸಲು ಹೇಳಿ, ತಾನು ಹಿಟ್ಟಿನ ಡಬ್ಬಿ ಬಾರಿಸಿದಳು. "ಮುದುಕಿ ಆದ ಮ್ಯಾಲ ನಾನೂ ದಾದಾ ಆದೆ ನೋಡ್ರಿ" ಎಂದು ನನ್ನ ಹೆಂಡತಿ ಲಟ್ಟಣಿಗೆ ಬೀಸಿದ್ದೇ ಬೀಸಿದ್ದು.

ಶನಿವಾರ ಹತ್ತಿ ತೆಗೆದಳು. ಭಾನುವಾರ ಮೈದಾನ ತುಂಬಿತ್ತು.

ನಾನು ನನ್ನ ಹಳೆಯ ಜಾಗದಲ್ಲೇ, ಕ್ಯಾನುಗಳ ಪಕ್ಕ ನಿಂತಿದ್ದೆ. ದಾದಾನ ಕೈ ಎದ್ದಿತು, ಇಳಿಯಿತು. ನಮ್ಮವಳ ಪೆಟ್ಟು ಬಿತ್ತು. ಆಮೇಲೆ ಬಂತು ತಾಶೆ! ಮತ್ತೆ ಅವಳ ಪೆಟ್ಟು, ಮತ್ತೆ ಅದರ ಹಿಂದೆ ತಾಶೆ. ಹುಡುಗಿ ಅವಸರ ಮಾಡುತ್ತಿದ್ದಾಳೆ, ಮುಗಿಯಿತು ಎಂದು ಕೂಗಲು ಬಾಯಿ ತೆರೆದೆ. ತೆರೆದವನು ಮುಚ್ಚಿಕೊಂಡೆ. ಹೀಗೇ ಕೇಳಬೇಕಲ್ಲ ನನಗೆ! ಅವಳು ನನ್ನ ಹತ್ತಿರ, ತಾಶೆ ದೂರ. ಇಬ್ಬರೂ ಒಂದೇ ಕ್ಷಣಕ್ಕೆ ಹೊಡೆದರೆ ದೂರದ್ದು ನನ್ನನ್ನು ತಡವಾಗಿ ಮುಟ್ಟಲೇಬೇಕು. ನನ್ನ ಕಿವಿಗೆ ತಾಳ ಕೆಟ್ಟಿದ್ದೇ ಅವಳು ಕೂಡಿಕೊಂಡದ್ದಕ್ಕೆ ಸಾಕ್ಷಿ. ದಾದಾ ಒಂದು ಕೈಯಾಡಿಸುತ್ತಲೇ ಮುಂದಿನಿಂದ ನಡೆದು, ತಾಶೆಗೂ ಕೊನೆಯ ಸಾಲಿಗೂ ಸಮದೂರದ ನಡುವಿಗೆ ಬಂದು ನಿಂತ, ತಲೆ ವಾಲಿಸಿ ಕೇಳಿದ, ಕೊನೆಯ ಸಾಲಿನತ್ತ ಇನ್ನೊಂದು ಕೈಯ ಹೆಬ್ಬೆರಳು ಎತ್ತಿದ. ಅವಳು ಅವನ ಕೈಯಿಂದ ಕಣ್ಣು ತೆಗೆಯಲಿಲ್ಲ, ನಗಲೂ ಇಲ್ಲ. ಪೆಟ್ಟು ತಪ್ಪೀತೆಂದು.

ಗಣಪತಿ ಬಿಡುವ ದಿನ ಅವಳ ಫೇಟಾ ಸುತ್ತುವುದನ್ನು ನೋಡಲು ನನ್ನ ಹೆಂಡತಿಯೂ ಬಂದಿದ್ದಳು. ಮಗ ರಜೆ ಹಾಕಿದ್ದ. ಭಜನೆಯ ಗೆಳೆಯ, ಆ ಬೀದಿಯ ಮಾತು ಆಡಿದವನು, ಫುಟ್‌ಪಾತಿನಲ್ಲಿ ನಿಂತು ನನಗಿಂತ ಮೊದಲೇ ಅವಳನ್ನು ಗುರುತು ಹಿಡಿದು ಕೈಬೀಸಿದ. ಮೆರವಣಿಗೆ ಹೊರಟಿತು. ಅಂಗಡಿಗಳ ಶಟರುಗಳು ನಡುಗುತ್ತಿದ್ದವು. ನಾನು ಬಾಟಲಿಗಳ ಚೀಲ ಹೊತ್ತು ಕೊನೆಯ ಸಾಲಿನ ಹಿಂದೆ ನಡೆಯುತ್ತಿದ್ದೆ. ದಾರಿಯುದ್ದಕ್ಕೂ ನನಗೆ ಕೇಳಿದ್ದು ಒಡೆದ ತಾಳ: ಮೊದಲು ಅವಳು, ಆಮೇಲೆ ತಾಶೆ. ಅಷ್ಟು ಹೆಮ್ಮೆಯಿಂದ ನಾನು ಯಾವ ಕೂಡಿದ ತಾಳವನ್ನೂ ಕೇಳಿಲ್ಲ.

ನನ್ನ ಪಕ್ಕದಲ್ಲೇ ನಡೆಯುತ್ತಿದ್ದ, ನನ್ನದೇ ವಯಸ್ಸಿನ ಒಬ್ಬ ಮರಾಠಿ ಹಿರಿಯರು ಬಹಳ ಹೊತ್ತು ಕಿವಿಗೊಟ್ಟು ಕೇಳಿದರು. ಆಮೇಲೆ ತಿಳಿದವರ ಹಾಗೆ ತಲೆಯಾಡಿಸಿ ನನ್ನತ್ತ ಬಾಗಿದರು.

"ಈ ಹಿಂದಿನ ಹುಡುಗಿಗೆ ತಾಳ ಇಲ್ಲ ನೋಡಿ. ಅವಸರ ಮಾಡುತ್ತಾಳೆ."

ನನಗೆ ಸಿಟ್ಟು ಬರಲಿಲ್ಲ. ಅವರ ಕೈಗೆ ಒಂದು ನೀರಿನ ಬಾಟಲಿ ಕೊಟ್ಟೆ.

"ಅವಳು ನನ್ನ ಸೊಸೆ," ಎಂದೆ. "ಒಮ್ಮೆ ಮುಂದೆ ಹೋಗಿ ನಿಂತು ಕೇಳಿ ಬನ್ನಿ."